ಡಿಸ್ಕಿಗಿಂತ ಗಾಳಕ್ಕೇ ಬೆಲೆ

'ಕೆಟ್ಟಿದೆ' ಎಂದು ಬರೆದು ಮಾರಾಟಕ್ಕಿಟ್ಟಿದ್ದ ಗಾಳವೊಂದನ್ನು ರಟ್ಟಿನ ಡಬ್ಬ, ಡಿಸ್ಕ್ ಸಮೇತ ಅಗ್ಗಕ್ಕೆ ಕೊಂಡಿದ್ದೆ. ಗಾಳ ಎಂದರೆ ಸೆಗಾ ಡ್ರೀಮ್‌ಕಾಸ್ಟ್ ಎಂಬ ಹಳೆಯ ಗೇಮ್ ಕನ್ಸೋಲಿನ ಫಿಶಿಂಗ್ ಕಂಟ್ರೋಲರ್, ಮೀನು ಹಿಡಿಯುವ ಆಟ ಆಡಲು ಕೈಯಲ್ಲಿ ಹಿಡಿಯುವ ಸಾಧನ. ಪಕ್ಕದಲ್ಲಿ ಸುತ್ತುವ ರೀಲ್, ಒಳಗೆ ಕೈ ಬೀಸಿದ್ದನ್ನು ಗುರುತಿಸುವ ಸೆನ್ಸರ್, ಮೀನು ಕಚ್ಚಿದರೆ ಅಂಗೈ ನಡುಗಿಸುವ ಮೋಟರ್. ಡಿಸ್ಕಿನಲ್ಲಿದ್ದದ್ದು ಸೆಗಾ ಬಾಸ್ ಫಿಶಿಂಗ್. 1997ರಲ್ಲಿ 'ಗೆಟ್ ಬಾಸ್' ಎಂಬ ಹೆಸರಿನಲ್ಲಿ ಆರ್ಕೇಡಿಗೆ (ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗೆ) ಬಂದ ಆಟ, 1999ರಲ್ಲಿ ಡ್ರೀಮ್‌ಕಾಸ್ಟಿಗೆ ಇಳಿಯಿತು.

ಹಳೆಯದು ಅಂದಮಾತ್ರಕ್ಕೆ ಬೆಲೆ ಏರುವುದಿಲ್ಲ. ಈ ಡಿಸ್ಕುಗಳು ಬೇಕಾದಷ್ಟಿವೆ. ಆಡಬೇಕು ಅನ್ನುವವರಿಗೆ 2008ರಲ್ಲಿ ವೀ ಕನ್ಸೋಲಿಗೂ 2011ರಲ್ಲಿ ಕಂಪ್ಯೂಟರಿಗೂ ಇದೇ ಆಟ ಮತ್ತೆ ಬಂತು. ಹೀಗಿರುವಾಗ ಬರೀ ಡಿಸ್ಕಿಗೆ ಯಾರು ದುಡ್ಡು ಸುರಿಯುತ್ತಾರೆ? ಕೆಲಸ ಮಾಡುವ ರೀಲ್, ಅದರ ಡಬ್ಬ ಸಿಕ್ಕರೆ ಮಾತು ಬೇರೆ.

ಮನೆಗೆ ತಂದು ಸಿಕ್ಕಿಸಿದೆ. ಅಲುಗಾಟವೇ ಇಲ್ಲ. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ, ಆಗಲೂ ಇಲ್ಲ. ಬಿಚ್ಚೋಣ ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡವನು, ಇರಲಿ ಎಂದು ನನ್ನ ಮಾಮೂಲಿ ಕಂಟ್ರೋಲರ್ ಸಿಕ್ಕಿಸಿ ನೋಡಿದರೆ ಅದೂ ಸತ್ತಿದೆ! ಕಂಟ್ರೋಲರ್ ಸಿಕ್ಕಿಸುವ ನಾಲ್ಕು ಪೋರ್ಟುಗಳೂ ಒಟ್ಟಿಗೆ ಹೋಗಿದ್ದವು. ಡ್ರೀಮ್‌ಕಾಸ್ಟ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಯಿಲೆಯೇ: ಕಂಟ್ರೋಲರ್ ಪೋರ್ಟುಗಳ ಬೋರ್ಡಿನಲ್ಲಿ ಎಫ್1 ಎಂಬ ಚಿಕ್ಕ ಫ್ಯೂಸ್ ಇದೆ. ಕನ್ಸೋಲ್ ಆನ್ ಇರುವಾಗಲೇ ವೈರ್ ಕಿತ್ತು ಸಿಕ್ಕಿಸುವ ಅಭ್ಯಾಸ ಇದ್ದರೆ ಅದು ಸುಡಬಹುದು. ನನಗೆ ಆ ಅಭ್ಯಾಸ ಚೆನ್ನಾಗಿಯೇ ಇತ್ತು. ಹಳೆಯದನ್ನು ತೆಗೆದು 10 ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿದೆ. ಅದೇ ಬೋರ್ಡಿನಲ್ಲಿ ಗಡಿಯಾರದ ಬ್ಯಾಟರಿಯೂ ಇರುತ್ತದೆ, ಪ್ರತಿ ಸಲ ದಿನಾಂಕ ಕೇಳಿ ತಲೆ ತಿನ್ನುತ್ತಿತ್ತು. ಕೈ ಹಾಕಿದ ಮೇಲೆ ಅದನ್ನೂ ಬದಲಿಸಿದೆ. ಅದು ರೀಚಾರ್ಜ್ ಆಗುವ ಎಂಎಲ್2032. ಮಾಮೂಲಿ ಸಿಆರ್2032 ಹಾಕಬಾರದು, ಅದು ಚಾರ್ಜ್ ತಡೆಯುವುದಿಲ್ಲ.

ಈಗ ಗಾಳ ಸಿಕ್ಕಿಸಿದರೆ ಜೀವ ಬಂತು. ಮಾರಿದವನ ಕನ್ಸೋಲಿಗೂ ಇದೇ ಕಾಯಿಲೆ ಇದ್ದಿರಬೇಕು ಎಂಬುದು ನನ್ನ ಗುಮಾನಿ. ಅಂದಿನಿಂದ 'ಕೆಟ್ಟಿದೆ' ಅನ್ನುವ ಪದ ಕಂಡರೆ ನನ್ನ ಕಿವಿ ನಿಮಿರುತ್ತದೆ.

ಪರೀಕ್ಷೆಯನ್ನು ಆಟದಲ್ಲೇ ಮಾಡಿದೆ. ಕೈ ಬೀಸಿದಾಗ ದಾರ ನೀರಿಗೆ ಹೋಗಬೇಕು, ರೀಲನ್ನು ನಿಧಾನ ಸುತ್ತಿದರೆ ನಿಧಾನ, ಜೋರು ಸುತ್ತಿದರೆ ಜೋರಾಗಿ ಎಳೆಯಬೇಕು, ಬಿಗಿತದ ಪಟ್ಟಿ ಕೆಂಪಿಗೆ ಏರಿದಾಗ ಕೈ ಸಡಿಲಿಸದಿದ್ದರೆ ದಾರ ತುಂಡಾಗಬೇಕು. ಎಲ್ಲವೂ ಸರಿಯಿತ್ತು. ಕೊನೆಗೆ ಸೋಲ್ ಕ್ಯಾಲಿಬರ್ ಎಂಬ ಕತ್ತಿಕಾಳಗದ ಆಟ ಹಾಕಿದೆ. ಗಾಳ ಬೀಸಿದರೆ ಅಲ್ಲಿ ಕತ್ತಿ ಬೀಸುತ್ತದೆ! ಇದನ್ನು ಪರೀಕ್ಷೆ ಅಂದರೆ ಸುಳ್ಳಾದೀತು, ಒಂದು ಗಂಟೆ ಅದರಲ್ಲೇ ಕಳೆದೆ.

ಡಿಸ್ಕಿನ ವಿಷಯ ಸುಲಭ. ಡ್ರೀಮ್‌ಕಾಸ್ಟಿನದು ಜಿಡಿ-ರಾಮ್ ಎಂಬ ಬಗೆಯ ಡಿಸ್ಕ್, ಅದರ ಕೆಳಮೈಯಲ್ಲಿ ಎರಡು ಭಾಗಗಳ ನಡುವೆ ಒಂದು ಉಂಗುರ ಎದ್ದು ಕಾಣುತ್ತದೆ. ಮನೆಯಲ್ಲಿ ಬರೆದ ನಕಲಿ ಡಿಸ್ಕಿನಲ್ಲಿ ಅದಿರುವುದಿಲ್ಲ.

ನಾನು ಕೆಡಿಸಿದ್ದು ಡಬ್ಬವನ್ನು. ಯಾವುದೋ ಅಂಗಡಿಯ ಹಳೆಯ ಬೆಲೆಚೀಟಿ ಅಂಟಿತ್ತು. ಉಗುರಿನಿಂದ ಕಿತ್ತೆ, ಜೊತೆಗೆ ಮುದ್ರಣದ ಒಂದು ಪದರವೂ ಎದ್ದು ಬಂತು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಅಂಟು ಸಡಿಲಿಸಬೇಕೆಂದು ನನಗೆ ಗೊತ್ತಿತ್ತು, ಆತುರ ಬಿಡಲಿಲ್ಲ. ಡಿಸ್ಕಿನ ಪ್ಲಾಸ್ಟಿಕ್ ಪೆಟ್ಟಿಗೆ ಒಡೆದರೆ ಹೊಸದು ತಂದು ಹಾಕಬಹುದು, ಮುದ್ರಿತ ರಟ್ಟನ್ನು ಎಲ್ಲಿಂದ ತರುವುದು?

ಮಾರಲೆಂದು ಬೆಲೆ ಕಟ್ಟುವಾಗ ಜನ ಕೇಳುತ್ತಿರುವ ಬೆಲೆ ನೋಡಲಿಲ್ಲ, ನಿಜವಾಗಿ ಮಾರಾಟವಾದದ್ದನ್ನು ಮಾತ್ರ ನೋಡಿದೆ. ಬರೀ ಡಿಸ್ಕು, ಬರೀ ಗಾಳ, ಡಬ್ಬದ ಸಮೇತ ಗಾಳ ಎಂದು ಮೂರು ಸಾಲು ಮಾಡಿದರೆ ಕೊನೆಯ ಸಾಲು ಮೊದಲನೆಯದರ ಹಲವು ಪಟ್ಟಿತ್ತು. ನಾನು ಹರಿದ ಡಬ್ಬಕ್ಕೆಂದು ಬೆಲೆಯನ್ನು ಕೆಳಗಿಳಿಸಿ ಬರೆದೆ, ಹರಿದ ಜಾಗದ ಫೋಟೋವನ್ನೇ ಮೊದಲು ಹಾಕಿದೆ. ಕೊಳ್ಳಲು ಬಂದವರು ಡಬ್ಬದ ಸುದ್ದಿ ಎತ್ತಲೇ ಇಲ್ಲ. "ರೀಲ್ ಎಲ್ಲಾದರೂ ಸಿಕ್ಕಿಕೊಳ್ಳುತ್ತಾ?" ಎಂದಷ್ಟೇ ಕೇಳಿದರು. ಸುತ್ತಿ ತೋರಿಸುವ ವಿಡಿಯೋ ಕಳಿಸಿದೆ.