ಹಂಪಿ ಬಳಿಯ ಆನೆಗುಂದಿಯಿಂದ ಸಣಾಪುರಕ್ಕೆ ನಡೆದು ಹೋಗುವವರಿಗೆ

ಡಾಂಬರು ರಸ್ತೆಯಲ್ಲಿ ಗಾಡಿಗಳ ಕಾಟ ಜಾಸ್ತಿ. ಆದಷ್ಟೂ ಕಾಲುವೆ ದಂಡೆ, ಗದ್ದೆ ಪಕ್ಕದ ಬಂಡಿದಾರಿ ಹಿಡಿಯಿರಿ. ವಿಜಯನಗರ ಕಾಲದ ಕಾಲುವೆ ಇಂದಿಗೂ ಇಲ್ಲಿನ ಭತ್ತಕ್ಕೆ ನೀರು ಕೊಡುತ್ತಿದೆ, ಅದನ್ನು ನೋಡುತ್ತಾ ನಡೆಯುವುದೇ ಒಂದು ಖುಷಿ.

ನಾಟಿ ಸಮಯದಲ್ಲಿ ಮಾತ್ರ ಬದುವಿನ ಮೇಲೆ ಕಾಲಿಡಬೇಡಿ. ಆಗಷ್ಟೇ ಕೆಸರು ಮೆತ್ತಿರುತ್ತಾರೆ. ಹೆಜ್ಜೆ ಇಟ್ಟರೆ ಕುಸಿದು, ಕಟ್ಟಿದ ನೀರೆಲ್ಲ ಪಕ್ಕದ ಮಡಿಗೆ ಹರಿದುಬಿಡುತ್ತದೆ. ರೈತರು ಪಟ್ಟ ಕಷ್ಟ ಸುಮ್ನೆ ಹಾಳು, ಅಲ್ವಾ? ಗದ್ದೆಯಲ್ಲಿದ್ದವರನ್ನು ‘ಅಣ್ಣಾ, ಈ ಕಡೆ ಹೋಗಬಹುದಾ’ ಅಂತ ಕೇಳಿ, ಒಳ್ಳೇ ದಾರಿ ತೋರಿಸುತ್ತಾರೆ.

ಬೆಳಿಗ್ಗೆ 6ಕ್ಕೇ ಹೊರಡಿ. ಬಿಸಿಲೇರಿದರೆ ಬಂಡೆಗಳ ಧಗೆ ತಡೆಯಲಾಗದು. ಕತ್ತಲಾದ ಮೇಲಂತೂ ಬೇಡವೇ ಬೇಡ, ಬೆಟ್ಟಗಳಲ್ಲಿ ಚಿರತೆ, ಕರಡಿಗಳಿವೆ. ದಾರಿಯಲ್ಲಿ ಸಿಗುವ ಹನುಮನಹಳ್ಳಿಯಲ್ಲಿ ನೀರು ತುಂಬಿಸಿಕೊಳ್ಳಿ. ಅಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲಿವೆ, ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.