ಹೇಳಿ ಮಾಡಿಸಿದ ಕತ್ತಿ ಮಾಂಸದ ಕೆಲಸ ಮುಗಿಯುವವರೆಗೂ ಹರಿತ ಉಳಿಯಬೇಕಾದ್ರೆ

ಹೋದ ವರ್ಷ ಅಂಕೋಲೆ ಹತ್ತಿರ ನೆಂಟರ ಮನೆಯಲ್ಲಿ ಎರಡು ಆಡು ಕಡಿದಿದ್ರು. ಸುಲಿದು ತುಂಡು ಮಾಡೋ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹತ್ರ ಎರಡು ಕತ್ತಿ ಇದ್ದವು. ಒಂದು ಆನ್‌ಲೈನ್‌ನಲ್ಲಿ ತರಿಸಿದ, ಡಿ2 ಅನ್ನೋ ಗಟ್ಟಿ ಜಾತಿ ಸ್ಟೀಲಿನ ದುಬಾರಿ ಕತ್ತಿ. ಇನ್ನೊಂದು ಊರಿನ ಆಚಾರಿ ಲಾರಿಯ ಕಮಾನ್ ಪಟ್ಟಿಯಿಂದ ಬಡಿದು ಕೊಟ್ಟಿದ್ದು. ದುಬಾರಿ ಕತ್ತಿ ಮೊದಲ ಆಡಿನ ತೊಗಲು ಬಿಡಿಸೋಷ್ಟರಲ್ಲೇ ಮೊಂಡಾಯ್ತು. ಆಚಾರಿ ಕತ್ತಿ ಎರಡನೇ ಆಡು ಮುಗಿಸಿ, ಸಂಜೆ ಈರುಳ್ಳಿಯನ್ನೂ ಹೆಚ್ಚಿತು. ಎಲ್ಲರೂ ಆಚಾರಿಯನ್ನ ಹೊಗಳಿದ್ರು. ಆದರೆ ತಪ್ಪು ಡಿ2ದು ಅಲ್ಲ, ನನ್ನದು. ಆಡಿನ ಮೈಮೇಲೆ ಹೊರಗಿನಿಂದ ಕೂದಲಿನ ಮೂಲಕವೇ ಅದನ್ನ ಎಳೆದಿದ್ದೆ.

ಮೊದಲೇ ಹೇಳಿಬಿಡ್ತೇನೆ, ಇಲ್ಲಿ ಬೇಟೆ ಮಾತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಅದಕ್ಕೆ ಜಾಗ ಇಲ್ಲ, ಅದರಲ್ಲೂ ಕಾಳಿ ಹುಲಿ ಮೀಸಲು ಪಕ್ಕದಲ್ಲೇ ಕೂತವರು ನಾವು. ಅಮೆರಿಕದಲ್ಲಿ ಜಿಂಕೆ ಸುಲಿಯೋಕೆ ಅಂತ ಹುಟ್ಟಿದ ಕತ್ತಿಯ ಆಕಾರ ನಮ್ಮ ಮನೆಯಲ್ಲಿ ಆಡು, ಕೋಳಿ, ಹಂದಿ, ಇಸ್ವಾಣ ಮೀನಿಗೆ ಕೆಲಸ ಮಾಡತ್ತೆ ಅಷ್ಟೇ. ಬಾಬ್ ಲವ್‌ಲೆಸ್ ಅಂತ ಅಲ್ಲಿಯ ಕತ್ತಿ ಕುಶಲಿ ಒಬ್ಬರು ತುದಿ ಸ್ವಲ್ಪ ಕೆಳಗಿಳಿದ ಅಲಗನ್ನ ಜನಪ್ರಿಯ ಮಾಡಿದ್ರು. ಹೊಟ್ಟೆ ಸೀಳುವಾಗ ಆ ತುದಿ ಕರುಳಿಗೆ ತಾಗೋದು ಕಡಿಮೆ. ಮಾಡಿಸೋದಾದ್ರೆ ಆ ಆಕಾರವನ್ನೇ ಹೇಳಿ. ಅಲಗು ನಾಲ್ಕು ಇಂಚು ಸಾಕು. ಉದ್ದ ಜಾಸ್ತಿ ಆದಷ್ಟೂ ಕೈ ಅಂದಾಜು ತಪ್ಪತ್ತೆ.

ಕತ್ತಿಯ ಬಾಯಿ, ಅಂದ್ರೆ ಕುಯ್ಯೋ ಅಂಚು, ಹೋಗೋದು ನಾಲ್ಕು ರೀತಿಯಲ್ಲಿ. ಮಡಚಿಕೊಳ್ಳತ್ತೆ, ಚಕ್ಕೆ ಹಾರತ್ತೆ, ಸವೆಯತ್ತೆ, ಇಲ್ಲಾ ತುಕ್ಕು ತಿನ್ನತ್ತೆ. ಯಾವುದು ಆಗಿದೆ ಅಂತ ಗೊತ್ತಾಗದೆ ಸುಮ್ನೆ ಕಲ್ಲಿಗೆ ಉಜ್ಜಿದ್ರೆ ಸ್ಟೀಲು ದಂಡ. ಬಲ್ಬಿನ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತ ಇರೋ ಬಾಯಿ ಕಾಣೋದೇ ಇಲ್ಲ, ಬೆಳಕು ಹೊಳೆಯೋ ಜಾಗವೆಲ್ಲ ಮೊಂಡು. ಆಮೇಲೆ ಬಾಯಿಯನ್ನ ಹೆಬ್ಬೆರಳ ಉಗುರಿನ ಮೇಲೆ ಭಾರ ಹಾಕದೆ ನಿಧಾನ ಎಳೀರಿ. ಎಲ್ಲೋ ತಡೆದ ಹಾಗಾದ್ರೆ ಅಲ್ಲಿ ಚಕ್ಕೆ ಹಾರಿದೆ, ಎಲ್ಲೋ ಜಾರಿದ್ರೆ ಅಲ್ಲಿ ಮಡಚಿದೆ ಇಲ್ಲಾ ಸವೆದಿದೆ.

ಸ್ಟೀಲಿನ ಹೆಸರಿಗೆ ಜನ ಸಾಯ್ತಾರೆ, ಹದದ ಬಗ್ಗೆ ಯಾರೂ ಕೇಳಲ್ಲ. ಕಮಾನ್ ಪಟ್ಟಿಯಲ್ಲಿ ಕಾರ್ಬನ್ ಸುಮಾರು 0.6 ಪರ್ಸೆಂಟ್, ಡಿ2ನಲ್ಲಿ ಸುಮಾರು 1.5 ಪರ್ಸೆಂಟ್, ಜೊತೆಗೆ 12 ಪರ್ಸೆಂಟ್ ಕ್ರೋಮಿಯಂ. ಡಿ2 ಒಳಗೆ ಗಟ್ಟಿ ಕಾರ್ಬೈಡ್ ಕಣ ತುಂಬಿರತ್ತೆ, ಅದಕ್ಕೇ ಸವೆತ ನಿಧಾನ. ಆದರೆ ಎಲುಬಿಗೆ ಅಡ್ಡ ಬಡಿದ್ರೆ ಚಕ್ಕೆ ಹಾರೋದೂ ಅದೇ. ಕಮಾನ್ ಪಟ್ಟಿ ಬೇಗ ಸವೆಯತ್ತೆ, ಆದರೆ ಒಡೆಯಲ್ಲ, ಐದು ನಿಮಿಷದಲ್ಲಿ ಮತ್ತೆ ಹರಿತ ಆಗತ್ತೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕಾಟ್ರಾ ಅನ್ನೋ ಸಂಸ್ಥೆ ಇದೆ. ಅವರ ಯಂತ್ರ ಮರಳು ಬೆರೆಸಿದ ಕಾಗದವನ್ನ ಕತ್ತಿಯಿಂದ ಕುಯ್ದು, ಒಟ್ಟು ಎಷ್ಟು ಕುಯ್ದಿತು ಅಂತ ಲೆಕ್ಕ ಇಡತ್ತೆ. ಡಿ2ಗೆ ಒಳ್ಳೇ ಅಂಕ ಸಿಗೋದು ಅಂಥ ಪರೀಕ್ಷೆಯಲ್ಲಿ. ನಾವು ಕುಯ್ಯೋದು ಕಾಗದ ಅಲ್ಲವಲ್ಲ, ಮಧ್ಯೆ ಎಲುಬು ಸಿಗತ್ತೆ.

ಹದ ಅಂದ್ರೆ ಇಷ್ಟು. ಕೆಂಪಗೆ ಕಾಯಿಸಿದ ಅಲಗನ್ನ ಎಣ್ಣೆಯಲ್ಲೋ ನೀರಲ್ಲೋ ಅದ್ದಿದಾಗ ಅದು ಗಾಜಿನ ಹಾಗೆ ಗಟ್ಟಿ ಆಗತ್ತೆ. ಹಾಗೇ ಬಿಟ್ರೆ ಒಡೆಯತ್ತೆ. ಅದಕ್ಕೆ ಮತ್ತೆ ಸುಮಾರು 200 ಡಿಗ್ರಿಗೆ ಹದವಾಗಿ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಸ್ಟೀಲು ಆಗ ಒಣಹುಲ್ಲಿನ ಬಣ್ಣಕ್ಕೆ ಬರತ್ತೆ. ಸುಮಾರು 300 ಡಿಗ್ರಿಗೆ ನೀಲಿ ಬರತ್ತೆ. ಅಲ್ಲಿಗೆ ಹೋದ್ರೆ ಕಮಾನ್ ಪಟ್ಟಿ ಸ್ಪ್ರಿಂಗಿಗೆ ಆಯ್ತು, ಕತ್ತಿ ಬಾಯಿಗೆ ಮೆದು. ನಮ್ಮ ಆಚಾರಿ ಬಾಯಿಯನ್ನಷ್ಟೇ ಅದ್ದಿ, ಬೆನ್ನಿನ ಬಿಸಿ ಬಾಯಿ ಕಡೆ ಇಳಿಯೋದನ್ನ ನೋಡ್ತಾ ಕೂತಿರ್ತಾರೆ. ಹುಲ್ಲಿನ ಬಣ್ಣ ಬಾಯಿಗೆ ಮುಟ್ಟಿದ ಕೂಡಲೇ ಮತ್ತೆ ನೀರಿಗೆ. ನಾನು ಮೊದಲ ಸಲ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ತಮಾ, ಇದು ಮಾಂಸಕ್ಕೋ ಎಲುಬಿಗೋ? ಎರಡಕ್ಕೂ ಒಂದೇ ಅಂದ್ರೆ ನಾ ಮಾಡೂದಿಲ್ಲ." ಅಲ್ಲಿಂದ ನಾನು ಎಲುಬಿಗೆ ಮಚ್ಚು ಬೇರೆ ಇಟ್ಟೆ.

ಕತ್ತಿ ಕೈಗೆ ಬಂದಾಗ ಎರಡು ಪರೀಕ್ಷೆ ಮಾಡಿ. ಹೊಸ ಅರ ತಗೊಂಡು ಬಾಯಿ ಹತ್ರ ಮೆಲ್ಲಗೆ ಉಜ್ಜಿ. ಅರ ಸುಲಭವಾಗಿ ಕಚ್ಚಿ ಪುಡಿ ಉದುರಿಸಿದ್ರೆ ಹದ ಕಡಿಮೆ, ಜಾರಿದ್ರೆ ಗಟ್ಟಿ ಇದೆ. ಇನ್ನೊಂದು, ಒಂದು ಹಿತ್ತಾಳೆ ಸರಳನ್ನ ಮಲಗಿಸಿ ಅದರ ಮೇಲೆ ಕತ್ತಿ ಬಾಯಿಯನ್ನ ಓರೆಯಾಗಿ ಒತ್ತಿ. ಬಾಯಿ ಸಣ್ಣಗೆ ಬಾಗತ್ತೆ, ಕಣ್ಣಿಗೆ ಕಾಣತ್ತೆ. ಕೈ ತೆಗೆದಾಗ ನೇರ ಆದ್ರೆ ಸರಿ. ಬಾಗಿದ ಹಾಗೇ ಉಳಿದ್ರೆ ಮೆದು. ಚಕ್ಕೆ ಹಾರಿದ್ರೆ ಹದ ಅತಿ ಗಟ್ಟಿ, ಇಲ್ಲಾ ಬಾಯಿ ತೀರಾ ತೆಳು. ಇದನ್ನ ಆಚಾರಿ ಎದುರಿಗೇ ಮಾಡಬೇಡಿ, ಬೇಜಾರ್ ಮಾಡ್ಕೋತಾರೆ.

ಈಗ ಕೆಲಸದ ಮಾತು, ಹರಿತ ಉಳಿಯೋದು ಹೋಗೋದು ಎಲ್ಲ ಇಲ್ಲೇ. ಆಡಿನ ಕೂದಲಲ್ಲಿ ಮಣ್ಣು, ಮರಳು, ಒಣಗಿದ ಸಗಣಿ ಎಲ್ಲ ಇರತ್ತೆ. ಹೊರಗಿಂದ ಕುಯ್ದ್ರೆ ಕತ್ತಿಯನ್ನ ಮರಳುಕಾಗದದ ಮೇಲೆ ಎಳೆದ ಹಾಗೆ. ಹಿಂಗಾಲಿನ ಕೀಲಿನ ಹತ್ರ ಚಿಕ್ಕದಾಗಿ ಒಂದು ಸೀಳು ಹಾಕಿ, ಅಲ್ಲಿಂದ ಕತ್ತಿಯ ತುದಿಯನ್ನ ತೊಗಲಿನ ಒಳಗೆ ತೂರಿಸಿ, ಬಾಯಿ ಮೇಲ್ಮುಖ ಮಾಡಿ ಒಳಗಿಂದ ಹೊರಕ್ಕೆ ಸೀಳುತ್ತಾ ಹೋಗಿ. ಕೂದಲು ಎರಡು ಕಡೆ ಬಿಚ್ಚಿಕೊಳ್ಳತ್ತೆ, ಒಂದೆಳೆಯೂ ಕುಯ್ಯಬೇಕಾಗಲ್ಲ. ಆ ಮೊದಲ ಸೀಳಿಗೆ ಮನೆಯ ಹಳೇ ಚಾಕು ಸಾಕು. ಒಂದು ಸಲ ಬಿಚ್ಚಿದ ಮೇಲೆ ಕತ್ತಿ ಪಕ್ಕಕ್ಕಿಡಿ. ಮುಷ್ಟಿ ಹಾಕಿ ನೂಕಿದ್ರೆ ಮೈಬಿಸಿ ಇರೋವಾಗ ಅರ್ಧಕ್ಕರ್ಧ ತೊಗಲು ತಾನೇ ಬಿಡತ್ತೆ. ಮುಟ್ಟದ ಕತ್ತಿ ಸವೆಯಲ್ಲ ಅಲ್ವಾ.

ಕಾಲು ಬಿಡಿಸೋವಾಗ ಎಲುಬು ಕಡಿಯಬೇಡಿ, ಕೀಲು ಹುಡುಕಿ. ಕಾಲನ್ನ ಹಿಂದೆ ಮುಂದೆ ಆಡಿಸಿ, ಮಡಚೋ ಜಾಗದ ಮೇಲೆ ಬೆರಳಿಟ್ರೆ ಸಂದು ಸಿಗತ್ತೆ. ಅಲ್ಲಿ ಕತ್ತಿ ತುದಿ ಇಳಿಸಿ ಸುತ್ತಲ ನಾರನ್ನ ಕುಯ್ದ್ರೆ ಕಾಲು ಟಪ್ ಅಂತ ಬಿಡತ್ತೆ. ಮುಂಗಾಲಿಗಂತೂ ಮೈಗೆ ಅಂಟಿಕೊಂಡ ಕೀಲೇ ಇಲ್ಲ, ಮಾಂಸ ಮಾತ್ರ. ಪಕ್ಕೆಲುಬು, ಬೆನ್ನುಮೂಳೆ ಮಚ್ಚಿಗೆ ಬಿಡಿ. ಸಿಕ್ಕಿಹಾಕಿಕೊಂಡ ಕತ್ತಿಯನ್ನ ತಿರುಚಿ ತೆಗೆಯೋದು ಮಾತ್ರ ಬೇಡವೇ ಬೇಡ. ಬಾಯಿ ಮಡಚೋದು, ಚಕ್ಕೆ ಹಾರೋದು ಜಾಸ್ತಿ ಆ ತಿರುಚಾಟದಲ್ಲೇ. ಕೆಳಗೆ ಹುಣಸೆ ಕೊರಡು ಇರಲಿ. ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ, ಗಾಜಿನ ಹಲಗೆ ಇವುಗಳ ಮೇಲೆ ಹತ್ತು ಏಟು ಬಿದ್ರೆ ಎರಡು ಆಡಿನ ಕೆಲಸ ಮಾಡಿದಷ್ಟು ಬಾಯಿ ಹೋಗತ್ತೆ. ಉತ್ಪ್ರೇಕ್ಷೆ ಸ್ವಲ್ಪ ಇದೆ, ಆದರೂ.

ಮೀನಿಗೂ ಇದೇ ಲೆಕ್ಕ. ಕಾರವಾರದ ಪೇಟೆಯಿಂದ ತಂದ ಮೀನನ್ನ ಮೊದಲು ತೊಳೆದು ಮರಳು ತೆಗೀರಿ. ಕೆಂಬೇರಿಯಂಥ ದಪ್ಪ ಹುರುಪೆಯ ಮೀನನ್ನ ಕತ್ತಿಯ ಬೆನ್ನಿನಿಂದ ಕೆರೀರಿ, ಬಾಯಿಯಿಂದ ಅಲ್ಲ. ಫ್ರೀಜರ್‌ನಿಂದ ತೆಗೆದ ಇಸ್ವಾಣಕ್ಕೆ ಕತ್ತಿ ಹಾಕಿ ನಾನೊಮ್ಮೆ ಅಕ್ಕಿಕಾಳಿನಷ್ಟು ಚಕ್ಕೆ ಹಾರಿಸಿಕೊಂಡಿದ್ದೇನೆ, ಅದನ್ನ ಮಸೆದು ತೆಗೆಯೋಕೆ ಒಂದು ಭಾನುವಾರ ಹೋಯ್ತು.

ಮಧ್ಯೆ ಬಾಯಿ ಸ್ವಲ್ಪ ಜಾರಿದ ಹಾಗೆ ಅನ್ನಿಸಿದ್ರೆ ಕಲ್ಲು ಬೇಡ. ಕತ್ತಿಗೆ ಮೆತ್ತಿದ ಕೊಬ್ಬನ್ನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ, ಎಷ್ಟೋ ಸಲ ಮೊಂಡು ಅಂದ್ಕೊಂಡಿದ್ದು ಬರೀ ಕೊಬ್ಬು. ಆಗಲೂ ಕುಯ್ಯದಿದ್ರೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದೆ ಮಾಡಿ ಹತ್ತು ಹತ್ತು ಸಲ ಎಳೀರಿ. ಏನೂ ಇಲ್ಲದಾಗ ಪಿಂಗಾಣಿ ಕಪ್ ಮಗುಚಿ, ತಳದ ಒರಟು ಸುತ್ತಿನ ಮೇಲೆ ನಾಲ್ಕು ಸಲ ಉಜ್ಜಿದ್ರೂ ನಡೆಯತ್ತೆ.

ಮನೆಗೆ ಬಂದ ಮೇಲೆ ಕಲ್ಲು. 1000 ನಂಬರ್ ಒಂದು ಇದ್ರೆ ಸಾಕು, ಅದಕ್ಕಿಂತ ನುಣುಪಾದ 3000 ಇದ್ರೆ ಖುಷಿ. ಮಾಂಸಕ್ಕೆ ಅತಿ ನುಣುಪು ಬಾಯಿ ಬೇಕಾಗಿಲ್ಲ, ಸ್ವಲ್ಪ ಗರಗರ ಇದ್ರೇ ನಾರಿಗೆ ಕಚ್ಚತ್ತೆ. ಓರೆ ಒಂದೊಂದು ಬದಿಗೆ 20 ಡಿಗ್ರಿ ಇರಲಿ. 3 ಸೆಂಟಿಮೀಟರ್ ಅಗಲದ ಅಲಗಾದ್ರೆ ಬೆನ್ನು ಕಲ್ಲಿನಿಂದ ಸುಮಾರು 1 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಕಿರುಬೆರಳ ದಪ್ಪ ಅಂದ್ಕೊಳ್ಳಿ. ಒಂದು ಬದಿ ಉಜ್ಜುತ್ತಾ ಹೋದ್ರೆ ಆಚೆ ಬದಿಗೆ ಸಣ್ಣ ಮುಳ್ಳಿನ ಹಾಗೆ ಬೆರಳಿಗೆ ತಡೆಯತ್ತೆ. ಅದು ಬಾಯಿಯ ಉದ್ದಕ್ಕೂ ಬಂದ ಮೇಲೆ ಮಗ್ಗುಲು ಬದಲಿಸಿ. ಕೊನೆಗೆ ಆ ಮುಳ್ಳನ್ನ ಬೆಲ್ಟಿನಲ್ಲಿ ಪೂರ್ತಿ ತೆಗೀರಿ. ಅದು ಉಳಿದ್ರೆ ಕತ್ತಿ ಮೊದಲ ಐದು ನಿಮಿಷ ಬ್ಲೇಡಿನ ಹಾಗಿದ್ದು ಆಮೇಲೆ ಸತ್ತೇ ಹೋಗತ್ತೆ. ಸಾಣೆಯಂತ್ರದವರಿಗೆ ಕೊಡಬೇಡಿ. ನಾನು ಒಬ್ಬರಿಗೆ ಕೊಟ್ಟು, ಕಿಡಿ ಹಾರಿಸಿ ಬಾಯಿ ತುದಿಯನ್ನ ನೀಲಿ ಮಾಡಿಸಿಕೊಂಡು ಬಂದೆ. ಆ ನೀಲಿ ಭಾಗ ಸವೆದು ಹೋಗೋವರೆಗೆ ಕತ್ತಿ ವಾರಕ್ಕೊಮ್ಮೆ ಕಲ್ಲು ಕೇಳ್ತಿತ್ತು.

ಇನ್ನು ತುಕ್ಕು. ನಮ್ಮ ಕರಾವಳಿಯ ಗಾಳಿಯಲ್ಲಿ ಕಮಾನ್ ಪಟ್ಟಿ ಕತ್ತಿ ಒದ್ದೆ ಇದ್ರೆ ಒಂದೇ ರಾತ್ರಿಗೆ ಕೆಂಪಾಗತ್ತೆ. ಮೊದಲು ಹೋಗೋದು ಬಾಯಿಯೇ, ಯಾಕಂದ್ರೆ ಅಲ್ಲೇ ಸ್ಟೀಲು ತೆಳು. ಕೆಲಸ ಆದ ತಕ್ಷಣ ತೊಳೆದು, ಒರೆಸಿ, ಒಲೆ ಹತ್ರ ಎರಡು ನಿಮಿಷ ಇಟ್ಟು ಕೊಬ್ಬರಿ ಎಣ್ಣೆ ಸವರಿ. ಮುರುಗಲು, ಉಪ್ಪಾಗೆ, ಲಿಂಬೆಯಂಥ ಹುಳಿ ಹಣ್ಣು ಮುಟ್ಟಿದ ಕತ್ತಿಯನ್ನ ಹಾಗೇ ಬಿಡಬೇಡಿ. ಚರ್ಮದ ಒರೆ ನೋಡೋಕೆ ಚೆಂದ, ಆದರೆ ಅದು ತೇವ ಹೀರಿ ಇಟ್ಟುಕೊಳ್ಳತ್ತೆ. ಒರೆ ಬೇರೆ, ಕತ್ತಿ ಬೇರೆ ಇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯಲ್ಲ, ಮನೆಯಲ್ಲಿ ದೊಡ್ಡ ಮೀನು ಕಡಿಮೆ, ಕತ್ತಿ ಮೂಲೆ ಸೇರತ್ತೆ. ನನ್ನ ಕತ್ತಿಗಳಿಗೆ ತುಕ್ಕು ಹಿಡಿದಿದ್ದೆಲ್ಲ ಆ ಎರಡು ತಿಂಗಳಲ್ಲೇ. ಈಗ ಎಣ್ಣೆ ಬಟ್ಟೆ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡ್ತೇನೆ, ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡ್ತೇನೆ. ಭಾವನ ಕೈಗೆ ಸಿಗಬಾರದು ಅನ್ನೋದೂ ಒಂದು ಕಾರಣ, ಅವರು ಅದರಲ್ಲಿ ಪೇಂಟ್ ಡಬ್ಬಿ ತೆಗೀತಾರೆ.