ಹಿಂದಿನ ಇಂಡಿಕೇಟರ್ ಬೆಳ್ಳಗೆ ಮಿನುಗತೊಡಗಿದಾಗ

ಮಾರುತಿ 800ರ ಕಾಲದಲ್ಲಿ ಹಿಂದಿನ ಇಂಡಿಕೇಟರ್ ಲೆನ್ಸೇ ಕಿತ್ತಳೆ. ಒಳಗೆ ಸಾದಾ ಬಲ್ಬ್ ಹಾಕಿದರೆ ಮುಗೀತು. ಈಗ ಎಷ್ಟೋ ಕಾರುಗಳಲ್ಲಿ ಲೆನ್ಸ್‌ಗೆ ಬಣ್ಣವಿಲ್ಲ, ಬಣ್ಣವೆಲ್ಲ ಬಲ್ಬಿನ ಮೇಲೆ. ಆ ಲೇಪ ಕಾದು ಕಾದು ಕೊನೆಗೆ ಉದುರುತ್ತದೆ. ನಮ್ಮ ಕಾರಿನಲ್ಲೂ ಹಾಗೇ ಆಯಿತು. ಒಂದು ರಾತ್ರಿ ನನ್ನ ಹಿಂದೆಯೇ ಬಂದ ಭಾವ, ಮನೆ ಮುಂದೆ ಇಳಿದವರೇ, "ಏನಯ್ಯಾ, ನಿನ್ನ ರಿವರ್ಸ್ ಲೈಟ್ ಯಾಕೆ ಮಿಣಮಿಣ ಅಂತಿತ್ತು?" ಅಂದರು.

ಬಿಚ್ಚುವುದು ಕಷ್ಟವಿಲ್ಲ. ಡಿಕ್ಕಿ ಎತ್ತಿದರೆ ಟೇಲ್ ಲ್ಯಾಂಪಿನ ಎರಡು ಸ್ಕ್ರೂ ಕಾಣುತ್ತವೆ. ಅವನ್ನು ತೆಗೆದು ಲ್ಯಾಂಪನ್ನು ನೇರ ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ಮೀಟಿದರೆ ಪ್ಲಾಸ್ಟಿಕ್ ಗೂಟ ಮುರಿದೀತು. ಹೋಲ್ಡರ್ ತಿರುಗಿಸಿ, ಬಲ್ಬನ್ನು ಒತ್ತಿ ತಿರುಗಿಸಿ ತೆಗೆದೆ. ಬುಡದ ಹತ್ತಿರ ಮಾತ್ರ ಒಂದಿಷ್ಟು ಬಣ್ಣ ಉಳಿದಿತ್ತು. ಮಿಕ್ಕದ್ದು ಒಣಗಿದ ಚಕ್ಕೆಯಾಗಿ ಲ್ಯಾಂಪಿನ ತಳದಲ್ಲಿ ಬಿದ್ದಿತ್ತು. ಲೋಹದ ಬುಡದಲ್ಲಿ ಪಿವೈ21ಡಬ್ಲ್ಯು ಅಂತ ಅಚ್ಚು, ಅಂದರೆ ಕಿತ್ತಳೆ ಬಲ್ಬ್.

ಅಂಗಡಿಯವರು ಮೊದಲು ಕೊಟ್ಟದ್ದು ಬಣ್ಣವಿಲ್ಲದ ಸಾದಾ ಪಿ21ಡಬ್ಲ್ಯು. ಎರಡೂ 12 ವೋಲ್ಟ್, 21 ವ್ಯಾಟ್. ವ್ಯತ್ಯಾಸ ಪಿನ್‌ನಲ್ಲಿ: ಸಾದಾ ಬಲ್ಬಿನ ಪಿನ್‌ಗಳು ಎದುರುಬದುರು, ಕಿತ್ತಳೆಯವು 150 ಡಿಗ್ರಿ ಕೋನದಲ್ಲಿ. ಬಣ್ಣವಿಲ್ಲದ ಲೆನ್ಸ್ ಹಿಂದೆ ಬಿಳಿ ಬಲ್ಬ್ ಕೂರಬಾರದೆಂದೇ ಈ ಏರ್ಪಾಡು. "ಒಂಚೂರು ಪಿನ್ ಉಜ್ಜಿದ್ರೆ ಕೂರುತ್ತೆ ಸಾರ್" ಅಂದರು. "ಬೇಡಣ್ಣ, ಕಿತ್ತಳೆಯದ್ದೇ ಕೊಡಿ" ಅಂದೆ.

ಎಲ್‌ಇಡಿ ಆಸೆಯನ್ನೂ ತೋರಿಸಿದರು. ನಾನು ಒಪ್ಪಲಿಲ್ಲ. ಅದು ಎಳೆಯುವ ಕರೆಂಟ್ ಕಡಿಮೆ, ಹಾಗಾಗಿ ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್, ಬಲ್ಬ್ ಸುಟ್ಟಿದೆ ಅಂತ ತಿಳಿದು ಬಡಬಡ ಮಿನುಗಿಸುತ್ತದೆ. ನಿಯಮದಲ್ಲಿರುವುದು ನಿಮಿಷಕ್ಕೆ 60ರಿಂದ 120 ಸಲ. ಅದನ್ನು ಸರಿಮಾಡಲು ಹೆಚ್ಚು ಕರೆಂಟ್ ಎಳೆಯಲೆಂದು ಸುಮಾರು 6 ಓಮ್‌ನ ರೆಸಿಸ್ಟರ್ ಜೋಡಿಸುತ್ತಾರೆ, ಅದೋ ಮುಟ್ಟಲಾಗದಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಪಕ್ಕ ಇಡುವ ಮಾತೇ ಇಲ್ಲ. ಹಳೇ ಕಿತ್ತಳೆ ಲೆನ್ಸ್ ಹಿಂದೆ ಬಿಳಿ ಎಲ್‌ಇಡಿ ಹಾಕಿದವರ ಕಾರು ನೋಡಿ: ಬೆಳಕು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಎಲ್‌ಇಡಿಯೇ ಬೇಕೆಂದರೆ ಕಿತ್ತಳೆಯದ್ದೇ ಹಾಕಬೇಕು.

ಕೆಂಪು ಇಂಡಿಕೇಟರ್ ಸ್ಟೈಲ್ ಅನ್ನುವವರೂ ಇದ್ದಾರೆ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೆ ಜಾಗವಿಲ್ಲ, ಯುರೋಪಿನಲ್ಲೂ ಇಲ್ಲ. ಅಮೆರಿಕದಲ್ಲಿ ಕೆಂಪು, ಕಿತ್ತಳೆ ಎರಡೂ ನಡೆಯುತ್ತದೆ. ಅಲ್ಲಿ ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ಬಲ್ಬ್. ತಿರುಗುವಾಗ, ಲೇನ್ ಬದಲಿಸುವಾಗ ಹಿಂದಿನಿಂದ ಗುದ್ದಿಸಿಕೊಳ್ಳುವ ಅಪಘಾತಗಳು ಕಿತ್ತಳೆ ಇದ್ದಲ್ಲಿ ಸುಮಾರು 5 ಶೇಕಡಾ ಕಡಿಮೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯೇ 2009ರಲ್ಲಿ ಲೆಕ್ಕ ಕೊಟ್ಟಿದೆ. ನನಗಂತೂ ಅಷ್ಟು ಸಾಕು. ಕೆಂಪು ಕಂಡರೆ ಬ್ರೇಕೋ ತಿರುವೋ ಅಂತ ಹಿಂದಿನವನು ಯೋಚಿಸುತ್ತಾ ಕೂರಬಾರದು.

ಎಡಗಡೆಯ ಬಲ್ಬ್ ಇನ್ನೂ ಪರವಾಗಿಲ್ಲ ಅನ್ನುವಂತಿತ್ತು. ಆದರೂ ಎರಡನ್ನೂ ಬದಲಿಸಿದೆ, ಇಲ್ಲದಿದ್ದರೆ ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಒತ್ತಿದಾಗ ಬಲಕ್ಕೊಂದು ಬಣ್ಣ, ಎಡಕ್ಕೊಂದು ಬಣ್ಣ.